ಇಬ್ಬರೇ ಆಡುವ ಪೋಕರ್‌ನಲ್ಲಿ ಬೆಟ್ ಎಷ್ಟಿರಬೇಕು

ಬಸವನಗುಡಿಯ ನಮ್ಮ ಮನೆಯ ಮಹಡಿಯಲ್ಲಿ ಭಾನುವಾರ ಊಟವಾದ ಮೇಲೆ ಇಸ್ಪೀಟಿನ ಕಟ್ಟು ಬಿಚ್ಚುವ ರೂಢಿ ಹಳೆಯದು. ಮೊದಲು ರಮ್ಮಿ ನಡೆಯುತ್ತಿತ್ತು. ಬರುವವರು ಒಬ್ಬೊಬ್ಬರಾಗಿ ಕಡಿಮೆಯಾಗಿ, ಕೊನೆಗೆ ನಾನೂ ಒಬ್ಬ ಗೆಳೆಯನೂ ಮಾತ್ರ ಉಳಿದಾಗ ಇಬ್ಬರ ಪೋಕರ್‌ಗೆ, ಅಂದರೆ ಹೆಡ್ಸ್ ಅಪ್ ನೋ ಲಿಮಿಟ್ ಹೋಲ್ಡೆಮ್‌ಗೆ, ಬಂದು ನಿಂತೆವು. ನಾವು ಹಣ ಇಡುವುದಿಲ್ಲ. ತಲಾ 200 ಹುಣಸೆ ಬೀಜ ಎಣಿಸಿಕೊಂಡು ಕೂರುತ್ತೇವೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆಯ ಮೂಲಕ ನಿಷೇಧಿಸಿದ ಮೇಲಂತೂ ಕಲಿಯುವವರಿಗೆ ಬೀಜವೇ ಸರಿಯಾದ ನಾಣ್ಯವೆಂದು ನನ್ನ ಅಭಿಪ್ರಾಯ. ಆಟದ ನಿಯಮಗಳು ನಿಮಗೆ ಗೊತ್ತಿವೆ, ಆದರೆ ನಿಮ್ಮ ಸರದಿ ಬಂದಾಗ ಎಷ್ಟು ಬೀಜ ಮುಂದೆ ತಳ್ಳಬೇಕೆಂದು ತಿಳಿಯುತ್ತಿಲ್ಲ ಎಂದುಕೊಂಡು ಇದನ್ನು ಬರೆಯುತ್ತಿದ್ದೇನೆ.

ಈ ಗೊಂದಲಕ್ಕೆ ನಮ್ಮಲ್ಲಿ ರೂಢಿಯಲ್ಲಿರುವ ಇತರ ಆಟಗಳೂ ಒಂದು ಕಾರಣ. ತೀನ್ ಪತ್ತಿಯಲ್ಲಿ ಎಲೆ ನೋಡಿದವನು ಚಾಲ್ತಿಯಲ್ಲಿರುವ ಬ್ಲೈಂಡ್ ಮೊತ್ತದ ಎರಡರಿಂದ ನಾಲ್ಕು ಪಟ್ಟು ಇಡುತ್ತಾನೆ; ನಡುವೆ ಎಷ್ಟು ಗುಡ್ಡೆ ಬಿದ್ದಿದೆಯೆಂದು ಲೆಕ್ಕ ಹಾಕಬೇಕಾದ ಅಗತ್ಯವೇ ಅವನಿಗಿಲ್ಲ. ಆ ಅಭ್ಯಾಸದಿಂದ ಬಂದವರು 20 ಬೀಜವೆಂದರೆ ದೊಡ್ಡ ಬೆಟ್ ಎಂದು ಭಾವಿಸುತ್ತಾರೆ. ಪಾಟ್‌ನಲ್ಲಿ, ಅಂದರೆ ನಡುವಿನ ಗುಡ್ಡೆಯಲ್ಲಿ, 20 ಇದ್ದಾಗ ನೀವು 20 ಇಟ್ಟರೆ ಎದುರಾಳಿ ಮೂರರಲ್ಲಿ ಒಂದು ಸಲ ಗೆದ್ದರೆ ಮಾತ್ರ ಅವನ ಕಾಲ್ (ನಿಮ್ಮ ಬೆಟ್‌ನಷ್ಟೇ ತಾನೂ ಇಡುವುದು) ನಷ್ಟವಿಲ್ಲದೆ ತೂಗುತ್ತದೆ. ಪಾಟ್‌ನಲ್ಲಿ 80 ಇದ್ದಾಗ ಅದೇ 20 ಇಟ್ಟರೆ ಆರರಲ್ಲಿ ಒಂದು ಸಲ ಗೆದ್ದರೂ ಅವನಿಗೆ ಸಾಕು. ಬೀಜಗಳ ಸಂಖ್ಯೆ ಒಂದೇ ಆದರೂ ನೀವು ಹೇಳಿದ ಬೆಲೆ ಬೇರೆ. ಆದ್ದರಿಂದ ಬೆಟ್ಟನ್ನು ಯಾವಾಗಲೂ ಪಾಟ್‌ನ ಇಂತಿಷ್ಟು ಪಾಲು ಎಂದೇ ಮನಸ್ಸಿನಲ್ಲಿ ಲೆಕ್ಕ ಹಾಕಬೇಕು.

ಬಾಯಿಪಾಠ ಮಾಡಬೇಕಾದ ಲೆಕ್ಕ ಹೆಚ್ಚಿಲ್ಲ. ಪಾಟ್‌ನ ಮೂರನೇ ಒಂದು ಪಾಲು ಇಟ್ಟರೆ ಎದುರಾಳಿಗೆ ಕಾಲ್ ಮಾಡಲು ಶೇ. 20ರಷ್ಟು ಗೆಲುವಿನ ಸಾಧ್ಯತೆ ಸಾಕು. ನಿಮ್ಮದು ಬ್ಲಫ್ (ಬಲವಿಲ್ಲದ ಕೈಯಿಂದ ಹೆದರಿಸುವ ಬೆಟ್) ಆಗಿದ್ದರೆ ಅವನು ಶೇ. 25ರಷ್ಟು ಸಲ ಫೋಲ್ಡ್ ಮಾಡಿದರೆ (ಎಲೆ ಬಿಟ್ಟರೆ) ನಿಮಗೆ ನಷ್ಟವಿಲ್ಲ. ಅರ್ಧ ಪಾಟ್‌ಗೆ ಈ ಎರಡು ಅಂಕಿಗಳು 25 ಮತ್ತು 33, ಪೂರ್ತಿ ಪಾಟ್‌ಗೆ 33 ಮತ್ತು 50, ಪಾಟ್‌ನ ಎರಡು ಪಟ್ಟಿಗೆ 40 ಮತ್ತು 67. ಇವುಗಳಲ್ಲಿ ಒಂದು ಸ್ವಾರಸ್ಯವಿದೆ: ಬೆಟ್ ಎಷ್ಟೇ ಬೆಳೆದರೂ ಎದುರಾಳಿಗೆ ಬೇಕಾದ ಸಾಧ್ಯತೆ ಶೇ. 50ನ್ನು ಮುಟ್ಟುವುದೇ ಇಲ್ಲ, ಆದರೆ ನಿಮ್ಮ ಬ್ಲಫ್ ಫಲಿಸಬೇಕಾದ ಪ್ರಮಾಣ ಏರುತ್ತಲೇ ಹೋಗುತ್ತದೆ. ಮಳೆ ಬಂದ ಸಂಜೆ ಮೆಜೆಸ್ಟಿಕ್‌ನಲ್ಲಿ ಒಂದೂವರೆ ಮೀಟರ್ ಕೇಳುವ ಆಟೋದವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ. ಹೆಚ್ಚು ಬೆಲೆ ಕೇಳಿದವನು ಹೆಚ್ಚು ಜನ ಬೇಡವೆನ್ನುವುದಕ್ಕೂ ಸಿದ್ಧನಾಗಿರಬೇಕು.

ಇಬ್ಬರ ಆಟದಲ್ಲಿ ಬಟನ್ (ಎಲೆ ಹಂಚುವವನ ಗುರುತು) ಇರುವವನೇ ಸ್ಮಾಲ್ ಬ್ಲೈಂಡ್ (ಎಲೆ ನೋಡುವ ಮೊದಲೇ ಇಡಬೇಕಾದ ಸಣ್ಣ ಮೊತ್ತ) ಕಟ್ಟುತ್ತಾನೆ, ಇನ್ನೊಬ್ಬನದು ಬಿಗ್ ಬ್ಲೈಂಡ್. ಫ್ಲಾಪ್‌ಗೆ, ಅಂದರೆ ನಡುವೆ ಮೊದಲ ಮೂರು ಎಲೆ ಬೀಳುವುದಕ್ಕೆ, ಮುನ್ನ ಮೊದಲು ಆಡಬೇಕಾದವನು ಬಟನ್‌ನವನು. ಫ್ಲಾಪ್ ಬಿದ್ದ ಮೇಲೆ ಕೊನೆಯ ಮಾತು ಅವನದೇ. ಈ ಅನುಕೂಲದಿಂದಾಗಿ ಬಟನ್‌ನಲ್ಲಿ ಬಹುಪಾಲು ಎಲೆಗಳನ್ನು ಆಡಬಹುದು, ಬಹುಪಾಲು ಎಲೆಗಳನ್ನು ಆಡುವಾಗ ರೈಸ್ (ಬೆಟ್ ಏರಿಸುವುದು) ಸಣ್ಣದಿರಬೇಕು. ಬ್ಲೈಂಡ್ 1 ಮತ್ತು 2 ಆಗಿದ್ದರೆ 4ರಿಂದ 6ರೊಳಗೆ ಒಂದು ಅಳತೆಯನ್ನು ಆರಿಸಿಕೊಳ್ಳಿ. ನಾನು 5 ಇಡುತ್ತೇನೆ. ಆಗ ಬಿಗ್ ಬ್ಲೈಂಡ್‌ನಲ್ಲಿರುವವನು 3 ಸೇರಿಸಿ 10ರ ಪಾಟ್‌ಗೆ ಬರುತ್ತಾನೆ, ಅಂದರೆ ಅವನಿಗೆ ಬೇಕಾದದ್ದು ಶೇ. 30. ಅತಿ ಕೆಟ್ಟ ಕೈಯೆಂದು ಹೆಸರಾದ, ಬೇರೆ ಬೇರೆ ಬಣ್ಣದ (ಆಟೀನ್, ಕಳಾವರ್ ಇತ್ಯಾದಿ) ಏಳು-ಎರಡಕ್ಕೂ ಯಾವುದೋ ಒಂದು ಕೈಯ ಎದುರು ಶೇ. 35ರ ಆಸುಪಾಸಿನಲ್ಲಿ ಗೆಲುವಿನ ಸಾಧ್ಯತೆಯಿದೆ. ಅಂಕಿ ಮಾತ್ರ ನೋಡಿದರೆ ಅವನು ಯಾವುದನ್ನೂ ಬಿಡಬಾರದು. ಆದರೆ ಮುಂದಿನ ಮೂರು ಸುತ್ತುಗಳಲ್ಲಿ ಮೊದಲು ಮಾತಾಡಬೇಕಾದವನಿಗೆ ಆ ಸಾಧ್ಯತೆ ಪೂರ್ತಿ ದಕ್ಕುವುದಿಲ್ಲ, ನಿಮ್ಮ ಸಣ್ಣ ರೈಸ್ ಬದುಕುವುದು ಆ ಕೊರತೆಯಲ್ಲಿ. ಬಿಗ್ ಬ್ಲೈಂಡ್‌ನಿಂದ ನೀವು ಮರು ರೈಸ್ ಮಾಡುವಾಗ ಹಿಂದಿನ ರೈಸ್‌ನ ನಾಲ್ಕು ಪಟ್ಟು, ಅಂದರೆ 20, ಇಡಿ. ಸ್ಥಾನದ ಅನಾನುಕೂಲವಿರುವವನು ಪಾಟ್ ಬೇಗ ದೊಡ್ಡದು ಮಾಡಿ ಮುಂದಿನ ತೀರ್ಮಾನಗಳನ್ನು ಕಡಿಮೆ ಮಾಡಿಕೊಳ್ಳುವುದು ಲೇಸು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಮೊದಲ ಕೆಲವು ತಿಂಗಳು ನಾನು ಜೋಡಿ ಎಕ್ಕ ಬಂದರೆ 8, ಗುಲಾಮ-ಹತ್ತು ಬಂದರೆ 5, ಹಾಳು ಎಲೆ ಬಂದರೆ 4 ಇಡುತ್ತಿದ್ದೆ. ಗೆಳೆಯ ಒಂದು ದಿನ ಕಾಫಿ ಲೋಟ ಕೆಳಗಿಟ್ಟು, ‘ನೀನು ಎಲೆ ತೋರಿಸಿಯೇ ಆಡಪ್ಪ, ನನಗೇನೂ ವ್ಯತ್ಯಾಸವಾಗುವುದಿಲ್ಲ’ ಎಂದ. ಕೈಯ ಬಲವನ್ನು ನೋಡಿ ಬೆಟ್ ಅಳೆಯುವವನು ತನ್ನ ಕೈಯನ್ನು ತಾನೇ ಓದಿ ಹೇಳುತ್ತಾನೆ. ಅಳತೆಯನ್ನು ನಿರ್ಧರಿಸಬೇಕಾದದ್ದು ನಡುವೆ ಬಿದ್ದಿರುವ ಎಲೆಗಳು, ಇಬ್ಬರ ಬಳಿ ಉಳಿದಿರುವ ಬೀಜಗಳು, ಮತ್ತು ಇಲ್ಲಿಯವರೆಗೆ ನಡೆದ ಆಟ. ಒಂದು ಸನ್ನಿವೇಶಕ್ಕೆ ಒಂದು ಅಳತೆಯೆಂದು ನಿಶ್ಚಯಿಸಿದ ಮೇಲೆ, ಅಲ್ಲಿ ಬೆಟ್ ಇಡುವ ಗಟ್ಟಿ ಕೈಯೂ ಬ್ಲಫ್ ಕೈಯೂ ಅದೇ ಅಳತೆಯ ಬೆಟ್ ಇಡಬೇಕು.

ಫ್ಲಾಪ್‌ಗೆ ಬರೋಣ. ಜೋಡಿಯಲ್ಲದ ಎರಡು ಎಲೆಗೆ ಫ್ಲಾಪ್‌ನಲ್ಲಿ ಒಂದು ಜೋಡಿಯಾದರೂ ಸಿಗುವುದು ಶೇ. 32ರಷ್ಟು ಸಲ ಮಾತ್ರ. ಉಳಿದ ಹೊತ್ತು ಎದುರಾಳಿಯ ಕೈ ಬರಿದೇ ಇರುತ್ತದೆ. ಆಟೀನ್ ಎಕ್ಕ, ಕಳಾವರ್ ಏಳು, ಡೈಮಂಡ್ ಎರಡು ಬಿದ್ದರೆ, ಬಟನ್‌ನಿಂದ ರೈಸ್ ಮಾಡಿದ ನಿಮ್ಮ ಬಳಿ ದೊಡ್ಡ ಎಕ್ಕಗಳು ಅವನಿಗಿಂತ ಹೆಚ್ಚು. ಮುಂದಿನ ಎಲೆಯಿಂದ ಚಿತ್ರ ಬದಲಾಗುವ ಭಯವೂ ಕಡಿಮೆ. ಇಂಥಲ್ಲಿ ಮೂರನೇ ಒಂದು ಪಾಲಿನ ಬೆಟ್ಟನ್ನು ಬಹಳಷ್ಟು ಕೈಗಳಿಂದ ಇಡಬಹುದು. ಒಂದೇ ಬಣ್ಣದ ಎರಡೆಲೆಗಳಿರುವ 9-8-6 ಬಿದ್ದರೆ ಮಾತು ಬೇರೆ. ಆ ಎಲೆಗಳು ಕಾಲ್ ಮಾಡಿದವನ ಕೈಗೂ ಚೆನ್ನಾಗಿ ಹೊಂದುತ್ತವೆ, ಆದ್ದರಿಂದ ಹೆಚ್ಚು ಸಲ ಚೆಕ್ ಮಾಡಿ (ಏನೂ ಇಡದೆ ಸರದಿ ದಾಟಿಸಿ), ಬೆಟ್ ಇಟ್ಟಾಗ ಮುಕ್ಕಾಲು ಪಾಟ್‌ನಷ್ಟು ಇಡಿ. ಎದುರಾಳಿ 10ರ ಪಾಟ್‌ಗೆ 5 ಇಟ್ಟಾಗ ನೀವು 15ಕ್ಕೆ ಏರಿಸಿದರೆ ನೋಡಲು ಮೂರು ಪಟ್ಟು ಅನ್ನಿಸುತ್ತದೆ. ಆದರೆ ಅವನು ಇನ್ನು 10 ಸೇರಿಸಿದರೆ ಪಾಟ್ 40 ಆಗುತ್ತದೆ, ಅಂದರೆ ನೀವು ಅವನಿಂದ ಕೇಳಿದ್ದು ಅರ್ಧ ಪಾಟ್ ಬೆಟ್‌ನಷ್ಟೇ ಬೆಲೆ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಫ್ಲಾಪ್‌ನ ಬೆಟ್ಟನ್ನು ರಿವರ್‌ನಿಂದ, ಅಂದರೆ ನಡುವೆ ಬೀಳುವ ಐದನೆಯ ಮತ್ತು ಕೊನೆಯ ಎಲೆಯ ಸುತ್ತಿನಿಂದ, ಹಿಂದಕ್ಕೆ ಲೆಕ್ಕ ಹಾಕಬೇಕು. ಪಾಟ್ 10, ಇಬ್ಬರ ಬಳಿಯೂ 195 ಬೀಜ ಉಳಿದಿವೆ ಎಂದಿಟ್ಟುಕೊಳ್ಳಿ. ಮೂರು ಸುತ್ತಿನಲ್ಲಿಯೂ ಅರ್ಧ ಪಾಟ್ ಇಟ್ಟು ಅವನು ಕಾಲ್ ಮಾಡುತ್ತ ಹೋದರೆ 5, 10, 20 ಹೀಗೆ ಒಟ್ಟು 35 ಬೀಜ ಮಾತ್ರ ಪಾಟ್‌ಗೆ ಹೋಗಿ, 160 ಬೀಜ ನಿಮ್ಮ ಮುಂದೆಯೇ ಕೂತಿರುತ್ತವೆ. ಪ್ರತಿ ಸುತ್ತಿನಲ್ಲೂ ಪೂರ್ತಿ ಪಾಟ್ ಇಟ್ಟರೆ 10, 30, 90 ಹೀಗೆ 130 ಹೋಗುತ್ತವೆ. ಅಂದರೆ ಬೆಟ್ಟನ್ನು ಎರಡರಷ್ಟು ಮಾಡಿದ್ದಕ್ಕೆ ಕೊನೆಯ ಮೊತ್ತ ನಾಲ್ಕು ಪಟ್ಟಿನ ಹತ್ತಿರ ಬೆಳೆಯಿತು. ಪಾಟ್ ಚಕ್ರಬಡ್ಡಿಯ ಹಾಗೆ ಬೆಳೆಯುವುದರಿಂದ ಫ್ಲಾಪ್‌ನಲ್ಲಿ ಮಾಡಿದ ಜಿಪುಣತನ ರಿವರ್‌ನಲ್ಲಿ ಹಲವು ಪಟ್ಟಾಗಿ ತಟ್ಟುತ್ತದೆ. ಮೂರು ಸುತ್ತಿನಲ್ಲಿ ಒಂದೇ ಪಾಲಿನಂತೆ ಇಡುತ್ತ 195 ಬೀಜಗಳನ್ನೂ ಒಳಗೆ ಹಾಕಬೇಕೆಂದರೆ ಪ್ರತಿ ಬೆಟ್ ಪಾಟ್‌ನ ಸುಮಾರು ಶೇ. 121ರಷ್ಟಿರಬೇಕು. ಅದೇ ಮರು ರೈಸ್ ನಡೆದು ಪಾಟ್ 40 ಆಗಿ 180 ಬೀಜ ಉಳಿದಿದ್ದರೆ ಶೇ. 58 ಸಾಕು: 23, ಆಮೇಲೆ 50, ಕೊನೆಗೆ 107. ಮರು ರೈಸ್ ಆದ ಪಾಟ್‌ಗಳಲ್ಲಿ ಅನುಭವಿಗಳು ಸಣ್ಣ ಬೆಟ್ ಇಡುವುದು ಹೆದರಿಕೆಯಿಂದಲ್ಲ. ದಾರಿ ಅಷ್ಟು ಗಿಡ್ಡವಾಗಿದೆ. ಪ್ರತಿ ಕೈಯಲ್ಲೂ ಎಲ್ಲ ಬೀಜ ಹಾಕಬೇಕೆಂದು ಇದರ ಅರ್ಥವಲ್ಲ. ಎಲ್ಲವನ್ನೂ ಹಾಕಲು ಬಯಸುವ ಕೈ ನಿಮ್ಮಲ್ಲಿದ್ದರೆ ದಾರಿಯನ್ನು ಫ್ಲಾಪ್‌ನಲ್ಲಿಯೇ ಅಳೆದಿರಬೇಕು.

ಟರ್ನ್‌ನಲ್ಲಿ, ಅಂದರೆ ನಡುವೆ ನಾಲ್ಕನೆಯ ಎಲೆ ಬಿದ್ದಾಗ, ನೆನಪಿಡಬೇಕಾದದ್ದು ಫ್ಲಶ್‌ಗೆ (ಒಂದೇ ಬಣ್ಣದ ಐದು ಎಲೆಗೆ) ಕಾಯುವವನ ಲೆಕ್ಕ. ಅವನಿಗೆ ಬೇಕಾದ ಒಂಬತ್ತು ಎಲೆಗಳು ನೋಡದ 46ರಲ್ಲಿ ಅಡಗಿವೆ, ಅಂದರೆ ಶೇ. 19.6. ನೀವು ಮೂರನೇ ಒಂದು ಪಾಲು ಇಟ್ಟರೆ ಅವನಿಗೆ ಶೇ. 20 ಬೇಕು, ಬೆಲೆ ಹೆಚ್ಚುಕಡಿಮೆ ಸರಿಹೋಯಿತು, ಎಲೆ ಬಿದ್ದ ಮೇಲೆ ನಿಮ್ಮಿಂದ ಕೀಳುವುದೆಲ್ಲ ಅವನಿಗೆ ಲಾಭ. ಮುಕ್ಕಾಲು ಪಾಟ್ ಇಟ್ಟರೆ ಅವನಿಗೆ ಶೇ. 30 ಬೇಕಾಗುತ್ತದೆ. ಹಾಗಾಗಿ ಟರ್ನ್‌ನಲ್ಲಿ ನಡುಮಟ್ಟದ ಕೈಗಳನ್ನು ಚೆಕ್‌ಗೆ ಬಿಟ್ಟು, ಬೆಟ್ ಇಡುವ ಗಟ್ಟಿ ಕೈ ಮತ್ತು ಬೆಳೆಯಬಲ್ಲ ಕೈಗಳಿಗೆ ದೊಡ್ಡ ಅಳತೆಯನ್ನೇ ಬಳಸಿ.

ರಿವರ್‌ನಲ್ಲಿ ಬೆಳೆಯುವ ಕೈ ಎಂಬುದಿಲ್ಲ, ಗೆದ್ದ ಕೈ ಮತ್ತು ಸೋತ ಕೈ ಮಾತ್ರ. ಮೇಲಿನ ಉದಾಹರಣೆಯಲ್ಲಿ ಫ್ಲಾಪ್‌ನಲ್ಲಿ 5, ಟರ್ನ್‌ನಲ್ಲಿ 10 ಇಟ್ಟು ಬಂದಿದ್ದೀರಿ. ಪಾಟ್ 40, ನಿಮ್ಮ ಮುಂದೆ 180. ಎದುರಾಳಿ ಎಲ್ಲಿಯೂ ಏರಿಸದೆ ಬರೀ ಕಾಲ್ ಮಾಡಿದ್ದರಿಂದ ಅವನ ಬಳಿ ಅತಿ ದೊಡ್ಡ ಕೈ ಇರುವ ಸಂಭವ ಕಡಿಮೆ. ಇಲ್ಲಿ 80 ಇಡಲು, ಅಂದರೆ ಪಾಟ್‌ನ ಎರಡು ಪಟ್ಟು ಇಡಲು, ಕೈ ನಡುಗಬಾರದು. ಆದರೆ ಅಳತೆಗೆ ತಕ್ಕ ಮಿಶ್ರಣ ಬೇಕು: ಅರ್ಧ ಪಾಟ್ ಇಡುವಾಗ ಮೂರು ಗಟ್ಟಿ ಕೈಗೆ ಒಂದು ಬ್ಲಫ್, ಪೂರ್ತಿ ಪಾಟ್‌ಗೆ ಎರಡಕ್ಕೆ ಒಂದು, ಎರಡು ಪಟ್ಟಿಗೆ ಮೂರಕ್ಕೆ ಎರಡು. ಈ ಪ್ರಮಾಣದಲ್ಲಿ ನಡುಮಟ್ಟದ ಕೈಯಿಂದ ಅವನು ಕಾಲ್ ಮಾಡಿದರೂ ಬಿಟ್ಟರೂ ಒಂದೇ. ಬ್ಲಫ್‌ಗೆ ಕೈ ಆರಿಸುವಾಗ, ಮೂರು ಕಳಾವರ್ ಬಿದ್ದಿರುವಲ್ಲಿ ಒಂಟಿ ಕಳಾವರ್ ಎಕ್ಕ ನಿಮ್ಮಲ್ಲಿದ್ದರೆ ಅದನ್ನು ಬಳಸಿ. ಅತಿ ದೊಡ್ಡ ಫ್ಲಶ್ ಅವನಲ್ಲಿ ಇರಲಾರದು.

ಪಾಟ್‌ಗಿಂತ ಮಿಗಿಲಾದ ಬೆಟ್ಟುಗಳ ಬಗ್ಗೆ ಆಟಗಾರರಿಗಿದ್ದ ಹಿಂಜರಿಕೆಯನ್ನು ಅಲುಗಾಡಿಸಿದ್ದು ಒಂದು ಯಂತ್ರ. 2017ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಪ್ರೋಗ್ರಾಂ ನಾಲ್ವರು ವೃತ್ತಿಪರರ ಎದುರು 1,20,000 ಕೈಗಳನ್ನು ಇಬ್ಬರ ಆಟವಾಗಿಯೇ ಆಡಿ ಗೆದ್ದಿತು. ಸಣ್ಣ ಪಾಟ್‌ಗೆ ಅದರ ಹಲವು ಪಟ್ಟು ಇಡಲು ಅದು ಹಿಂಜರಿಯುತ್ತಿರಲಿಲ್ಲ. ವೃತ್ತಿಪರರು ವಿಚಿತ್ರ ಅಳತೆಯ ಬೆಟ್ಟುಗಳನ್ನಿಟ್ಟು ಅದರ ದೌರ್ಬಲ್ಯ ಹುಡುಕಿದರು. ಅದು ರಾತ್ರಿ ಹೊತ್ತು ಆ ಅಳತೆಗಳಿಗೇ ಹೊಸದಾಗಿ ಉತ್ತರ ಲೆಕ್ಕ ಹಾಕಿಕೊಂಡು ಬೆಳಿಗ್ಗೆ ಬರುತ್ತಿತ್ತು.

ನಿಮ್ಮೆದುರು ಕೂರುವವನು ಲಿಬ್ರಾಟಸ್ ಅಲ್ಲವಾದ್ದರಿಂದ ಮೇಲಿನ ಪ್ರಮಾಣಗಳನ್ನು ಬಗ್ಗಿಸಬಹುದು. 101 ಅಂಕದ ಪೂಲ್ ರಮ್ಮಿಯಲ್ಲಿ ಮೊದಲೇ ಡ್ರಾಪ್ ಮಾಡಿದರೆ 20 ಅಂಕ, ನಡುವೆ ಮಾಡಿದರೆ 40. ಆ ಆಟದಲ್ಲಿ ಪಳಗಿದವರು ಪೋಕರ್‌ನಲ್ಲೂ ಫ್ಲಾಪ್‌ನಲ್ಲಿ ಸುಲಭವಾಗಿ ಕೈಬಿಡುತ್ತಾರೆ, ಒಮ್ಮೆ ಒಳಗೆ ಬಂದರೆ ಕೊನೆಯವರೆಗೂ ಬಿಡುವುದಿಲ್ಲ. ಇದನ್ನು ನಾನು ನಮ್ಮ ಮಹಡಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಅಂಥವರ ಎದುರು ಫ್ಲಾಪ್‌ನ ಬ್ಲಫ್‌ಗೆ ಸಣ್ಣ ಬೆಟ್ ಸಾಕು, ರಿವರ್‌ನ ಬ್ಲಫ್ ಬೇಡವೇ ಬೇಡ, ಗಟ್ಟಿ ಕೈಗೆ ದೊಡ್ಡ ಬೆಟ್ ಇರಲಿ. ಬೀಜ ಕರಗಿ ಬಿಗ್ ಬ್ಲೈಂಡ್‌ನ ಹತ್ತು ಪಟ್ಟಿಗೂ ಕೆಳಗಿಳಿದಾಗ ಈ ಸೂಕ್ಷ್ಮಗಳಿಗೆಲ್ಲ ಜಾಗವಿಲ್ಲ. ಹೆಚ್ಚಿನ ಕೈಗಳಲ್ಲಿ ಎಲ್ಲವನ್ನೂ ಇಡಿ ಇಲ್ಲವೇ ಎಲೆ ಬಿಡಿ.

ಅಭ್ಯಾಸಕ್ಕೆ ಹೀಗೆ ಮಾಡಿ. ಮೊದಲ ಒಂದು ಗಂಟೆ ಫ್ಲಾಪ್ ನಂತರ ಇಬ್ಬರೂ ಎರಡೇ ಅಳತೆ ಬಳಸಿ: ಮೂರನೇ ಒಂದು ಪಾಲು ಅಥವಾ ಪೂರ್ತಿ ಪಾಟ್. ಬೆಟ್ ಇಡುವ ಮುನ್ನ ಪಾಟ್‌ನಲ್ಲಿ ಎಷ್ಟಿದೆಯೆಂದು ಗಟ್ಟಿಯಾಗಿ ಹೇಳಿ. ತಪ್ಪು ಹೇಳಿದವನು ಎರಡು ಬೀಜ ದಂಡ ಕಟ್ಟಲಿ. ಎರಡನೇ ಗಂಟೆಯಲ್ಲಿ ರಿವರ್‌ಗೆ ಮಾತ್ರ ಎರಡು ಪಟ್ಟಿನ ಬೆಟ್ ಸೇರಿಸಿ, ಅದನ್ನು ಇಟ್ಟ ಪ್ರತಿ ಕೈಯನ್ನೂ ಗಟ್ಟಿಯೋ ಬ್ಲಫ್ಫೋ ಎಂದು ಚೀಟಿಯಲ್ಲಿ ಗುರುತು ಮಾಡಿ. ಆಟ ಮುಗಿದ ಮೇಲೆ ಚೀಟಿಗಳನ್ನು ಅದಲು ಬದಲು ಮಾಡಿಕೊಂಡು ಎಣಿಸಿ: ಗಟ್ಟಿ ಮೂರಿದ್ದಲ್ಲಿ ಬ್ಲಫ್ ಎರಡಿರಬೇಕು. ನನ್ನ ಮೊದಲ ಚೀಟಿಯಲ್ಲಿ ಗಟ್ಟಿ ಏಳು, ಬ್ಲಫ್ ಸೊನ್ನೆ ಇತ್ತು.