ಕಡಲು ಆಮ್ಲೀಕರಣಗೊಂಡಾಗ ಕೋಪಿಪಾಡ್ ಸಂತಾನಕ್ಕೆ ಆಗುವುದೇನು? ಅಳೆಯುವ ಬಗೆ

ಕೋಪಿಪಾಡ್ ಎಂದರೆ ನೀರಿನಲ್ಲಿ ತೇಲಿ ಬದುಕುವ, ಸಿಗಡಿಯ ದೂರದ ಬಂಧುವಾದ ಪುಟ್ಟ ಜೀವಿ. ಇದರ ಮೈಹೊದಿಕೆ ಮುಖ್ಯವಾಗಿ ಕೈಟಿನ್, ಅಂದರೆ ಕೀಟಗಳ ಹೊರಕವಚದಲ್ಲೂ ಇರುವ ವಸ್ತು. ಮಳಿ, ಕಲ್ವದ ಚಿಪ್ಪಿನಂತೆ ಸುಣ್ಣದ್ದಲ್ಲ. ಆದ್ದರಿಂದ ಮೈ ಕರಗುತ್ತದೆಯೇ ಎಂದು ಕಾಯಬೇಡಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಕಡಲಲ್ಲಿ ಕರಗುವುದರಿಂದ ಆಗುವ ಈ ಬದಲಾವಣೆಯನ್ನು ಆಮ್ಲೀಕರಣವೆಂದರೂ ನೀರು ಕ್ಷಾರೀಯವಾಗಿಯೇ ಇರುತ್ತದೆ, ಪಿಎಚ್ ಇಳಿಯುತ್ತದೆ ಅಷ್ಟೆ. ಮೈಯೊಳಗಿನ ಆಮ್ಲ-ಕ್ಷಾರ ಸಮತೋಲ ಕಾಯಲು ಶಕ್ತಿ ಹೆಚ್ಚು ಖರ್ಚಾದರೆ ಮೊಟ್ಟೆಗೆ ಉಳಿಯುವುದು ಕಡಿಮೆ. ವಯಸ್ಕ ಜೀವಿ ಚೆನ್ನಾಗಿ ಈಜುತ್ತಿದ್ದರೂ ಮೊಟ್ಟೆ ಕುಂದಿರಬಹುದು. ಎಣಿಸಬೇಕಾದದ್ದು ಅದನ್ನೇ.

ಪ್ರಯೋಗಾಲಯದಲ್ಲಿ ಸುಲಭವಾಗಿ ಬೆಳೆಯುವ ಅಕಾರ್ಟಿಯಾ ಟೋನ್ಸಾ ಎಂಬ ಕೋಪಿಪಾಡ್ ಪ್ರಭೇದ ಇದಕ್ಕೆ ಒಳ್ಳೆಯದು. ಇದು ಮೊಟ್ಟೆಗಳನ್ನು ಚೀಲದಲ್ಲಿ ಹೊರದೆ ನೀರಿಗೇ ಬಿಡುತ್ತದೆ.

0.2 ಮೈಕ್ರಾನ್ ಸೋಸಿದ ಕಡಲನೀರು ತೆಗೆದುಕೊಳ್ಳಿ. ಉಪ್ಪಿನಂಶ ಸಾವಿರಕ್ಕೆ 30, ತಾಪಮಾನ 20 ಡಿಗ್ರಿ. ಒಂದು ಪಾತ್ರೆಗೆ ಹೆಚ್ಚುಕಡಿಮೆ ಇಂದಿನ ಮಟ್ಟದ 420 ಪಿಪಿಎಂ (ದಶಲಕ್ಷಕ್ಕೆ ಇಷ್ಟು ಭಾಗ), ಇನ್ನೊಂದಕ್ಕೆ ಆಮ್ಲೀಕರಣಗೊಂಡ ಕಡಲನ್ನು ಅನುಕರಿಸಲು 1000 ಪಿಪಿಎಂ ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿಯನ್ನು ರಾತ್ರಿಯಿಡೀ ಹಾಯಿಸಿ. ಪಿಎಚ್ ಸುಮಾರು 8.05 ಮತ್ತು 7.7ಕ್ಕೆ ನಿಲ್ಲಬೇಕು. ಹೈಡ್ರೋಕ್ಲೋರಿಕ್ ಆಮ್ಲ ಸುರಿದು ಪಿಎಚ್ ಇಳಿಸುವುದು ಸುಲಭವೇನೋ ಹೌದು. ಆದರೆ ಅದರಿಂದ ಕ್ಷಾರೀಯತೆಯೂ, ಅಂದರೆ ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಶಕ್ತಿಯೂ, ಇಳಿಯುತ್ತದೆ; ನಿಜವಾದ ಕಡಲಿನಲ್ಲಿ ಆಗುವುದು ಹಾಗಲ್ಲ. ಮಳೆಗಾಲದಲ್ಲಿ ಕಾಳಿಯಂಥ ಅಳಿವೆಯ ನೀರು ತಂದರೂ ಇದೇ ತೊಡಕು: ಹೊಳೆನೀರು ಬೆರೆತು ಉಪ್ಪಿನಂಶ ಇಳಿದಿರುತ್ತದೆ, ಕ್ಷಾರೀಯತೆಯೂ ಬದಲಾಗಿರುತ್ತದೆ. ಎರಡನ್ನೂ ಅಳೆಯದೆ ಮುಂದುವರಿಯಬೇಡಿ.

ಗಾಳಿಗುಳ್ಳೆ ತಾಗಿದರೆ ಕೋಪಿಪಾಡ್‌ಗಳ ನೀಳ ಮೀಸೆ ಮುರಿಯಬಹುದು. ಹಾಗಾಗಿ ಸಿದ್ಧವಾದ ನೀರನ್ನೇ 500 ಮಿಲಿಯ ಬಾಟಲಿಗಳಿಗೆ ಕಂಠಪೂರ್ತಿ ತುಂಬಿ, ಗಾಳಿ ಉಳಿಯದಂತೆ ಮುಚ್ಚಿ. ಪ್ರತಿ ನೀರಿಗೆ ಐದು ಬಾಟಲಿ, ಪ್ರತಿ ಬಾಟಲಿಗೆ ಐದು ಹೆಣ್ಣು, ಎರಡು ಗಂಡು. ಗಂಡಿನ ಬಲಮೀಸೆ ಹೆಣ್ಣನ್ನು ಹಿಡಿಯಲು ಮಡಚುವಂತಿರುತ್ತದೆ. ಗುರುತಿಗೆ ಅದು ಸಾಕು. ಆಹಾರಕ್ಕೆ ರೋಡೋಮೋನಾಸ್ ಪಾಚಿ, ಮಿಲಿಗೆ ಸುಮಾರು 20,000 ಕೋಶ. ಬೆಳಕು ಮಂದವಿರಲಿ, ಇಲ್ಲವಾದರೆ ಪಾಚಿಯೇ ಇಂಗಾಲ ಹೀರಿ ಪಿಎಚ್ ಏರಿಸುತ್ತದೆ. ದಿನವೂ ನೀರು ಬದಲಿಸುತ್ತ ಮೂರು ದಿನ ಒಗ್ಗಲು ಬಿಡಿ. ಈ ಅವಧಿಯ ಮೊಟ್ಟೆ ಲೆಕ್ಕಕ್ಕಿಲ್ಲ, ಏಕೆಂದರೆ ಅದು ಹಳೆಯ ನೀರಿನಲ್ಲಿ ಬಲಿತದ್ದು.

ನಾಲ್ಕನೆಯ ದಿನ 24 ಗಂಟೆಯ ಮೊಟ್ಟೆ ಸಂಗ್ರಹಿಸಿ. 180 ಮೈಕ್ರಾನ್ ಜರಡಿಯಲ್ಲಿ ವಯಸ್ಕಗಳು ನಿಲ್ಲುತ್ತವೆ, ಕೆಳಗಿನ 40 ಮೈಕ್ರಾನ್ ಜರಡಿಯಲ್ಲಿ ಮೊಟ್ಟೆ. ಸೂಕ್ಷ್ಮದರ್ಶಕದಡಿ ಅದು 80 ಮೈಕ್ರಾನ್ ಆಸುಪಾಸಿನ ದುಂಡನೆಯ ಮಣಿ. ಇನ್ನೂ ತಡಮಾಡಿದರೆ ತಾಯಂದಿರೇ ಮೊಟ್ಟೆ ತಿನ್ನುತ್ತವೆ, ಎಣಿಕೆ ಸುಳ್ಳಾಗುತ್ತದೆ. ಆಗಲೇ ಹೊರಬಂದ ನಾಪ್ಲಿಯಸ್ ಮರಿಗಳನ್ನೂ ಕೂಡಿಸಿ, ಒಟ್ಟನ್ನು ಹೆಣ್ಣುಗಳ ಸಂಖ್ಯೆಯಿಂದ ಭಾಗಿಸಿ.

ಕೆಲಸ ಹೆಚ್ಚಾಗಿ ಕೆಡುವುದು ಮರಿಯಾಗಿಸುವ ಹಂತದಲ್ಲಿ. ಮೊಟ್ಟೆಗಳನ್ನು ತೆರೆದ ಪೆಟ್ರಿ ತಟ್ಟೆಯಲ್ಲಿಟ್ಟರೆ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹಾರಿ, ಎರಡೂ ನೀರು ಬರಬರುತ್ತ ಒಂದೇ ಆಗುತ್ತವೆ. ಆಗ 'ಪರಿಣಾಮವೇ ಇಲ್ಲ' ಎಂದು ಬರೆದರೆ ಅದು ತಟ್ಟೆಯ ತಪ್ಪು, ಕಡಲಿನ ಸತ್ಯವಲ್ಲ. ಬಿಗಿ ಮುಚ್ಚಳದ 20 ಮಿಲಿ ಸೀಸೆಯಲ್ಲಿ, ಪಾಚಿಯಿಲ್ಲದ ಅದೇ ನೀರು ತುಂಬಿ, ತಲಾ 50 ಮೊಟ್ಟೆ ಇಡಿ. ಜತೆಗೆ ಪ್ರತಿ ಬಾಟಲಿಯ ಇನ್ನಷ್ಟು ಮೊಟ್ಟೆಗಳನ್ನು ಇನ್ನೊಂದು ನೀರಿಗೆ ಹಾಕಿ. ಹಾನಿ ತಾಯಿಯ ಮೂಲಕ ಬಂತೇ, ನೇರ ಮೊಟ್ಟೆಗೇ ತಟ್ಟಿತೇ ಎಂಬುದು ಈ ಅದಲುಬದಲಿನಿಂದಷ್ಟೇ ತಿಳಿಯುತ್ತದೆ.

48 ಗಂಟೆಯ ನಂತರ, ಜೀವಿಗಳನ್ನು ಕೊಂದು ಕೆಡದಂತೆ ಇಡುವ ಅಯೋಡಿನ್‌ನ ಲುಗೋಲ್ ದ್ರಾವಣದ ಕೆಲವು ಹನಿ ಹಾಕಿ, ಮರಿ ಮತ್ತು ಒಡೆಯದ ಮೊಟ್ಟೆ ಎಣಿಸಿ. ಒಡೆಯದ್ದೆಲ್ಲ ಸತ್ತದ್ದಲ್ಲ, ಈ ಪ್ರಭೇದ ತಡವಾಗಿ ಒಡೆಯುವ ಮೊಟ್ಟೆಯನ್ನೂ ಇಡುತ್ತದೆ. ಲುಗೋಲ್ ಹಾಕದ ಒಂದು ಸೀಸೆಯನ್ನು ಇನ್ನೂ ಕೆಲವು ದಿನ ಇಟ್ಟು ನೋಡಿ. ಸರಾಸರಿ ತೆಗೆಯುವಾಗ ಮಾದರಿಯ ಸಂಖ್ಯೆ ಐದು, ಅಂದರೆ ಬಾಟಲಿಗಳದ್ದು. 250 ಮೊಟ್ಟೆ ಎಂದು ಬರೆಯಬೇಡಿ.