ಬಿಸಿ ಉಕ್ಕಿಗೆ ಜಾನ್ಸನ್–ಕುಕ್ ಮಾಡೆಲ್ ಕೂರಿಸಿದ್ದು

ನಮ್ಮ ಬಿಡಿಭಾಗ ಇಎನ್ 24 ಉಕ್ಕಿನದು, ಕೆಲಸದಲ್ಲಿ 400 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಸಿಮ್ಯುಲೇಶನ್‌ಗೆ ಜಾನ್ಸನ್–ಕುಕ್ ಮಾಡೆಲ್ ಬೇಕಿತ್ತು: ಲೋಹ ಎಷ್ಟು ಹಿಗ್ಗಿದೆ (ಸ್ಟ್ರೇನ್), ಎಷ್ಟು ವೇಗದಲ್ಲಿ, ಎಷ್ಟು ಬಿಸಿಯಲ್ಲಿ ಎಂಬುದರಿಂದ ಅದರ ಬಲ ಹೇಳುವ ಸಮೀಕರಣ. ಅದರಲ್ಲಿ ಐದು ಸಂಖ್ಯೆ: ಎ ಯೀಲ್ಡ್‌ಗೆ (ಕಾಯಂ ಹಿಗ್ಗು ಶುರುವಾಗುವ ಬಲ), ಬಿ ಮತ್ತು ಎನ್ ಹಿಗ್ಗಿದಂತೆಲ್ಲ ಗಟ್ಟಿಯಾಗುವುದಕ್ಕೆ, ಸಿ ವೇಗಕ್ಕೆ, ಎಂ ಬಿಸಿಗೆ. ಇದರ ಹತ್ತಿರದ ಸಂಬಂಧಿ 4340 ಉಕ್ಕಿನ ಸಂಖ್ಯೆಗಳು 1983ರಿಂದಲೂ ಎಲ್ಲರ ಕೈಲಿವೆ: ಎ 792 ಮೆಗಾಪಾಸ್ಕಲ್, ಬಿ 510, ಎನ್ 0.26, ಸಿ 0.014, ಎಂ 1.03. ಸುಮ್ನೆ ಎತ್ತಿ ಹಾಕಿದರೆ ಆಯ್ತಲ್ವಾ ಅಂತ ಕೇಳಿದವರೂ ಇದ್ದರು. ಆದರೆ ಅವು ರಾಕ್‌ವೆಲ್ ಸಿ 30 ಗಡಸುತನದ ಉಕ್ಕಿನವು. ಟೆಂಪರಿಂಗ್ (ಗಡಸು ಮಾಡಿದ ಉಕ್ಕನ್ನು ಮತ್ತೆ ಕಾಯಿಸಿ ಹದ ಮಾಡುವುದು) ಬದಲಾದರೆ ಎ ಕೂಡ ಬದಲಾಗುತ್ತದೆ. ಹಾಗಾಗಿ ನಮ್ಮ ಉಕ್ಕಿನ ತುಂಡುಗಳನ್ನೇ ಬೇರೆ ಬೇರೆ ಉಷ್ಣತೆಯಲ್ಲಿ ಎಳೆದು ಟೆಸ್ಟ್ ಮಾಡಿಸಿದೆವು.

ಫಿಟ್ ಮಾಡುವುದಕ್ಕಿಂತ ಡೇಟಾ ತೊಳೆಯುವುದೇ ದೊಡ್ಡ ಕೆಲಸ. ಫರ್ನೇಸ್ ಪರದೆ ತೋರಿಸುವ ಉಷ್ಣತೆ ತುಂಡಿನ ಉಷ್ಣತೆಯಲ್ಲ. ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿ) ತುಂಡಿನ ನಡುವಿಗೇ ಕಟ್ಟಬೇಕು. ಆಮೇಲೆ ನೆಕ್ಕಿಂಗ್ (ತುಂಡು ಒಂದೇ ಕಡೆ ಸಣ್ಣಗಾಗುವುದು) ಶುರುವಾಗುವವರೆಗಿನ ಭಾಗವನ್ನಷ್ಟೇ, ತುಂಡಿನ ಮೂಲ ಅಳತೆಯ ಬದಲು ಆ ಕ್ಷಣದ ಅಳತೆಗೆ ಲೆಕ್ಕ ಹಾಕುವ ಟ್ರೂ ಸ್ಟ್ರೆಸ್, ಟ್ರೂ ಸ್ಟ್ರೇನ್‌ಗೆ ಬದಲಿಸಿದೆ. ಪ್ಲಾಸ್ಟಿಕ್ ಸ್ಟ್ರೇನ್ (ಕಾಯಂ ಉಳಿಯುವ ಹಿಗ್ಗು) ಬೇಕಾದರೆ ಎಲಾಸ್ಟಿಕ್ ಪಾಲನ್ನು (ಬಿಟ್ಟರೆ ವಾಪಸಾಗುವ ಹಿಗ್ಗು) ಕಳೆಯಬೇಕು. ಆಗ ಆಯಾ ಉಷ್ಣತೆಯ ಯಂಗ್ಸ್ ಮಾಡ್ಯುಲಸ್ಸನ್ನೇ (ಲೋಹದ ಬಿಗಿತದ ಅಳತೆ) ಬಳಸಬೇಕು. ಬಿಸಿ ಉಕ್ಕಿಗೂ ಕೋಣೆಯ ಉಷ್ಣತೆಯ 210 ಗಿಗಾಪಾಸ್ಕಲ್ ಹಾಕಿದರೆ ಯೀಲ್ಡ್ ಹತ್ತಿರ ಇಲ್ಲದ ಪ್ಲಾಸ್ಟಿಕ್ ಸ್ಟ್ರೇನ್ ಹುಟ್ಟುತ್ತದೆ. ಕೊನೆಗೆ ಎಲ್ಲ ಕರ್ವ್‌ಗಳನ್ನೂ ಒಂದೇ ಸ್ಟ್ರೇನ್ ಅಂತರದಲ್ಲಿ ಮರುಜೋಡಿಸಿದೆ. ಇಲ್ಲದಿದ್ದರೆ ಜಾಸ್ತಿ ಪಾಯಿಂಟ್ ಇರುವ ಕರ್ವ್ ಫಿಟ್ಟನ್ನು ತನ್ನ ಕಡೆಗೇ ಎಳೆಯುತ್ತದೆ.

ಐದೂ ಸಂಖ್ಯೆಗಳನ್ನು ಒಟ್ಟಿಗೆ ಹುಡುಕಲು ಫಿಟ್ ಮಾಡುವ ಪ್ರೋಗ್ರಾಂಗೆ ಕೊಡಲಿಲ್ಲ. ಬಿ ಮತ್ತು ಎನ್ ಒಂದನ್ನೊಂದು ಸರಿದೂಗಿಸಿಕೊಂಡು ಆಟ ಆಡುತ್ತವೆ. ಎ ಅನ್ನು ಕೋಣೆಯ ಉಷ್ಣತೆಯ ನಿಧಾನ ಟೆಸ್ಟ್‌ನ ಯೀಲ್ಡ್‌ನಿಂದ ಹಿಡಿದು, ಅದನ್ನು ಅಲ್ಲಾಡಿಸದೆ ಬಿ, ಎನ್ ಹುಡುಕಿದೆ. ಎಂ ಕೊನೆಯಲ್ಲಿ.

ನನ್ನ ಪ್ರಕಾರ ಕಗ್ಗಂಟು ಇರುವುದು ಈ ಎಂನಲ್ಲೇ. ಮಾಡೆಲ್‌ಗೆ ಬೇಕಾದ್ದು ಕೋಣೆಯ ಉಷ್ಣತೆಯಿಂದ ಕರಗುವ ಬಿಂದುವಿನ ಕಡೆಗೆ ಎಷ್ಟು ದೂರ ಬಂದೆವು ಎಂಬ ಭಾಗಾಂಶ. 4340ಗೆ ಕರಗುವ ಬಿಂದು 1793 ಕೆಲ್ವಿನ್. ಎಂ 1.03 ಇಟ್ಟರೆ 300 ಡಿಗ್ರಿಯಲ್ಲಿ ಬಲ ಶೇ. 18ರಷ್ಟು, 600ರಲ್ಲಿ ಶೇ. 38ರಷ್ಟು ಇಳಿಯುತ್ತದೆ. ಅಂದರೆ ಹೆಚ್ಚುಕಡಿಮೆ ನೇರ ಗೆರೆ. ನಿಜವಾದ ಉಕ್ಕು ಹಾಗಲ್ಲ, ಮೊದಲು ನಿಧಾನಕ್ಕೆ ಮೆತ್ತಗಾಗಿ ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಒಂದೇ ಎಂ ಎರಡೂ ಕಡೆ ಬಗ್ಗಲಾರದು. ಅದಕ್ಕೇ 400ಕ್ಕಿಂತ ಮೇಲಿನ ಡೇಟಾವನ್ನು ಫಿಟ್‌ನಿಂದ ಹೊರಗಿಟ್ಟೆ. ಮೆದು ಉಕ್ಕಾದರೆ (ಮೈಲ್ಡ್ ಸ್ಟೀಲ್) ಇನ್ನೂ ತಮಾಷೆ: 200ರಿಂದ 300 ಡಿಗ್ರಿ ನಡುವೆ ಅದರ ಕರ್ಷಕ ಬಲ ಏರುವುದೂ ಉಂಟು. ಅದನ್ನು ಈ ಸಮೀಕರಣ ಎಷ್ಟು ತಿರುಚಿದರೂ ತೋರಿಸುವುದಿಲ್ಲ.

ಸಿಗೆ ಹಾಪ್ಕಿನ್ಸನ್ ಬಾರ್ (ತುಂಡಿಗೆ ಅತಿವೇಗದ ಹೊಡೆತ ಕೊಡುವ ಟೆಸ್ಟ್) ಡೇಟಾ ಬಳಸಿದೆ. ಅಷ್ಟು ವೇಗದಲ್ಲಿ ಶಾಖ ಹೊರಹೋಗಲು ಸಮಯವೇ ಇರುವುದಿಲ್ಲ. 1000 ಮೆಗಾಪಾಸ್ಕಲ್‌ನಲ್ಲಿ 0.2 ಸ್ಟ್ರೇನ್, ಕೆಲಸದ ಶೇ. 90 ಶಾಖವಾಯಿತು ಅಂತಿಟ್ಟುಕೊಂಡರೆ ತುಂಡು ಸುಮಾರು 50 ಡಿಗ್ರಿ ಬಿಸಿಯಾಗುತ್ತದೆ. ಈ ಮೆದುತನವನ್ನು ಮೊದಲೇ ಲೆಕ್ಕಕ್ಕೆ ತಂದುಕೊಳ್ಳದಿದ್ದರೆ ಅದರ ಹೊರೆ ಸಿ ಮೇಲೆ ಬಿದ್ದು, ಸಿ ಕಡಿಮೆ ಬರುತ್ತದೆ.

ಸಿಮ್ಯುಲೇಶನ್ ಸಾಲ್ವರ್‌ನಲ್ಲಿ ಒಂದೇ ಎಲಿಮೆಂಟ್ (ಮಾಡೆಲ್‌ನ ಒಂದು ಚಿಕ್ಕ ತುಣುಕು) ಎಳೆದು ಪ್ರತಿ ಟೆಸ್ಟ್ ಕರ್ವ್ ಮೇಲೆ ಕೂರಿಸಿ ನೋಡಿದೆ. ಆಮೇಲೇ ಪೂರ್ತಿ ಭಾಗದ ಮಾಡೆಲ್‌ಗೆ ಹಾಕಿದ್ದು. ರೆಫರೆನ್ಸ್ ಸ್ಟ್ರೇನ್ ರೇಟನ್ನು (ಉಳಿದ ವೇಗಗಳನ್ನು ಹೋಲಿಸುವ ಮೂಲ ವೇಗ) ಸೆಕೆಂಡಿಗೆ 1 ಅಂತ ಬಿಡದೆ, ಎ ಹಿಡಿದ ಟೆಸ್ಟ್‌ನ ವೇಗವನ್ನೇ ಸಾಲ್ವರ್‌ನ ಮಟೀರಿಯಲ್ ಕಾರ್ಡ್‌ನಲ್ಲಿ (ಲೋಹದ ಸಂಖ್ಯೆಗಳನ್ನು ಬರೆಯುವ ಪಟ್ಟಿ) ಬರೆದೆ.