ಮಹಿಳಾ ಮ್ಯಾಚ್ ರೇಸಿಂಗ್ ತಂಡ ಕಟ್ಟುವವರಿಗೆ

ಮ್ಯಾಚ್ ರೇಸಿಂಗ್‌ನಲ್ಲಿ ನೀರಿನ ಮೇಲೆ ಎದುರುಬದುರಾಗುವುದು ಎರಡೇ ಹಾಯಿದೋಣಿಗಳು. ಎರಡೂ ಒಂದೇ ಅಚ್ಚಿನವು. ಎರಡನ್ನೂ ಸಂಘಟಕರೇ ಒದಗಿಸುತ್ತಾರೆ ಮತ್ತು ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಸಾಮಾನ್ಯವಾಗಿ ಇಪ್ಪತ್ತು ನಿಮಿಷಗಳೊಳಗೆ ಮುಗಿದುಹೋಗುವ ಈ ಪಂದ್ಯದಲ್ಲಿ ಗುರಿಯನ್ನು ಎಷ್ಟು ಹೊತ್ತಿಗೆ ತಲುಪಿದಿರಿ ಎಂದು ಯಾರೂ ಕೇಳುವುದಿಲ್ಲ, ಎದುರಾಳಿಗಿಂತ ಒಂದು ಗೇಣು ಮುಂದೆ ಗೆರೆ ದಾಟಿದರೂ ಪಾಯಿಂಟ್ ನಿಮ್ಮದೇ. ಆದ್ದರಿಂದ ತಂಡ ಕಟ್ಟಲು ಹೊರಟವರು ಸ್ವಂತ ದೋಣಿ ಕೊಳ್ಳುವ ಲೆಕ್ಕಾಚಾರವನ್ನು ಬದಿಗಿಟ್ಟು, ಆ ಹಣವನ್ನೂ ಸಮಯವನ್ನೂ ಸ್ಟಾರ್ಟ್‌ಗೆ ಮುಂಚಿನ ನಾಲ್ಕು ನಿಮಿಷಗಳ ಅಭ್ಯಾಸಕ್ಕೆ ಸುರಿಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಒಲಿಂಪಿಕ್ಸ್‌ನಲ್ಲಿ ಮಹಿಳಾ ಮ್ಯಾಚ್ ರೇಸಿಂಗ್ ನಡೆದದ್ದು ಒಂದೇ ಒಂದು ಸಲ, 2012ರ ಲಂಡನ್ ಕೂಟದಲ್ಲಿ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ವೇಮತ್‌ನ ಕೊಲ್ಲಿಯಲ್ಲಿ, ಮೂವರು ಹತ್ತುವ ಎಲಿಯಟ್ 6 ಮೀಟರ್ ದೋಣಿಗಳಲ್ಲಿ ನಡೆದ ಆ ಸ್ಪರ್ಧೆಯ ಫೈನಲ್‌ನಲ್ಲಿ ತಾಮಾರಾ ಎಚೆಗೊಯೆನ್ ಅವರ ಸ್ಪೇನ್ ತಂಡ ಆಸ್ಟ್ರೇಲಿಯಾವನ್ನು 3-2ರಿಂದ ಸೋಲಿಸಿತು. ಆ ಫೈನಲ್‌ನ ಒಂದು ರೇಸಿನಲ್ಲಿ ಆಸ್ಟ್ರೇಲಿಯಾದ ಸ್ಕಿಪ್ಪರ್ ಒಲಿವಿಯಾ ಪ್ರೈಸ್ ಅಲೆಗಳ ನಡುವೆ ಚುಕ್ಕಾಣಿಯ ಬಳಿಯಿಂದ ನೀರಿಗೇ ಬಿದ್ದುಬಿಟ್ಟರು. ಯಾರು ಯಾವ ಜಾಗದಲ್ಲಿ ಕೂರಬೇಕು, ಒಬ್ಬರು ಇಲ್ಲವಾದರೆ ಅವರ ಕೆಲಸವನ್ನು ಯಾರು ಹಿಡಿಯಬೇಕು ಎಂಬ ಪ್ರಶ್ನೆಗಳನ್ನು ದಡದಲ್ಲಿಯೇ ತೀರ್ಮಾನಿಸಿಕೊಳ್ಳಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. 2016ರಲ್ಲಿ ಈ ವಿಭಾಗವನ್ನು ಒಲಿಂಪಿಕ್ಸ್‌ನಿಂದ ಕೈಬಿಟ್ಟರೂ ಆಟ ನಿಲ್ಲಲಿಲ್ಲ. 2013ರಲ್ಲಿ ಆರಂಭವಾದ ಮಹಿಳೆಯರ ಅಂತರರಾಷ್ಟ್ರೀಯ ಸರಣಿ, ವಿಶ್ವ ಚಾಂಪಿಯನ್‌ಷಿಪ್, ಸ್ವೀಡನ್‌ನ ಪಶ್ಚಿಮ ಕರಾವಳಿಯ ಮಾರ್‌ಸ್ಟ್ರಾಂಡ್ ಮತ್ತು ಲೀಸೆಕಿಲ್ ಊರುಗಳ ಬೇಸಿಗೆಯ ಪಂದ್ಯಗಳು ಅದನ್ನು ಉಳಿಸಿಕೊಂಡವು.

ತಂಡಕ್ಕೆ ಜನರನ್ನು ಆರಿಸುವಾಗ ದೋಣಿಯ ಅಳತೆಯನ್ನು ನೋಡಿ ಮೂವರಿಂದ ಐವರವರೆಗೆ ಬೇಕಾಗುತ್ತದೆ. ಚುಕ್ಕಾಣಿ ಹಿಡಿಯುವ ಸ್ಕಿಪ್ಪರ್, ದೊಡ್ಡ ಹಾಯಿಯನ್ನು ನೋಡಿಕೊಳ್ಳುತ್ತ ತಂತ್ರ ಹೇಳುವವರು, ಮುಂದಿನ ಹಾಯಿಯನ್ನು ಬಿಗಿದು ಸಡಿಲಿಸುವ ಟ್ರಿಮ್ಮರ್, ದೋಣಿಯ ಮುಂತುದಿಯಾದ ಮೂತಿಯ ಬಳಿ ನಿಂತು ಸ್ಪಿನ್ನೇಕರ್ (ಗಾಳಿಯೊಂದಿಗೆ ಇಳಿಯುವಾಗ ಬಳಸುವ ಉಬ್ಬಿದ ಹಾಯಿ) ಏರಿಸಿ ಇಳಿಸುವವರು ಎಂಬುದು ನಾಲ್ವರ ತಂಡದ ಸಾಮಾನ್ಯ ಹಂಚಿಕೆ. ಎಲ್ಲರನ್ನೂ ನೋಂದಣಿಯ ದಿನ ತಕ್ಕಡಿಯ ಮೇಲೆ ನಿಲ್ಲಿಸಿ ತಂಡದ ಒಟ್ಟು ತೂಕವನ್ನು ನೋಡುವ ಪದ್ಧತಿ ಇರುವುದರಿಂದ, ಪಂದ್ಯದ ಪ್ರಕಟಣೆಯಲ್ಲಿ ಕೊಟ್ಟ ಮಿತಿಯನ್ನು ಮೊದಲೇ ಓದಿಕೊಳ್ಳಿರಿ. ಮಿತಿಗಿಂತ ತುಂಬ ಹಗುರವಾಗಿದ್ದರೆ ಗಾಳಿ ಜೋರಾದ ದಿನ ದೋಣಿಯನ್ನು ನೆಟ್ಟಗೆ ಹಿಡಿಯಲು ಆಗುವುದಿಲ್ಲ. ಮೀರಿದರೆ ಹಿಂದಿನ ರಾತ್ರಿ ಊಟ ಬಿಡಬೇಕಾಗುತ್ತದೆ, ಅದು ಇನ್ನೂ ಕೆಟ್ಟದ್ದು. ಪ್ರತಿಭೆಗಿಂತಲೂ ಮೂರು ವರ್ಷ ಒಟ್ಟಿಗೆ ಇರುವ ಸಾಧ್ಯತೆಯನ್ನು ನೋಡಿ ಆರಿಸುವುದು ಒಳ್ಳೆಯದು, ಏಕೆಂದರೆ ಈ ಆಟದಲ್ಲಿ ಒಬ್ಬರ ಕೈ ಇನ್ನೊಬ್ಬರ ಬಾಯಿಗಿಂತ ಮುಂಚೆ ಅರ್ಥ ಮಾಡಿಕೊಳ್ಳಬೇಕು.

ದೋಣಿಯೊಳಗಿನ ಮಾತಿನ ಬಗ್ಗೆ ಬೇರೆಯಾಗಿಯೇ ಕುಳಿತು ಚರ್ಚಿಸಿರಿ. ಮೂತಿಯ ಬಳಿ ಇರುವವರು ಹಿಂದಕ್ಕೆ ತಿರುಗಿ ಮಾತನಾಡುವಾಗ ಅವರ ಎಡ ಸ್ಕಿಪ್ಪರ್‌ನ ಬಲವಾಗುವುದರಿಂದ ಕನ್ನಡದಲ್ಲಿಯೇ ಮಾತನಾಡುವ ತಂಡವೂ ಪೋರ್ಟ್ (ಮೂತಿಯ ಕಡೆ ಮುಖಮಾಡಿದಾಗಿನ ಎಡಬದಿ), ಸ್ಟಾರ್‌ಬೋರ್ಡ್ (ಬಲಬದಿ) ಎಂಬ ಪದಗಳನ್ನೇ ಹಿಡಿಯುವುದು ಕ್ಷೇಮ. ಉಳಿದದ್ದು ನಿಮ್ಮ ಭಾಷೆಯಲ್ಲಿರಲಿ. ಸೆಕೆಂಡುಗಳನ್ನು ಒಬ್ಬರು ಮಾತ್ರ ಎಣಿಸಬೇಕು, ಎದುರಾಳಿಯ ಚಲನೆಯನ್ನು ಒಬ್ಬರು ಮಾತ್ರ ವರದಿ ಮಾಡಬೇಕು, ಸ್ಟಾರ್ಟ್ ಗೆರೆಗೆ ಎಷ್ಟು ದೋಣಿಯಳತೆ ಉಳಿದಿದೆ ಎಂಬುದನ್ನು ಮೂತಿಯಲ್ಲಿರುವವರು ಬೆರಳೆತ್ತಿ ತೋರಿಸಬೇಕು. ಗಾಳಿಯಲ್ಲಿ ಹಾಯಿಗಳು ಪಟಪಟನೆ ಬಡಿದುಕೊಳ್ಳುವಾಗ ಕೂಗಿದ್ದು ಹಿಂದಿನವರಿಗೆ ಕೇಳಿಸುವುದೇ ಇಲ್ಲ.

ಇನ್ನು ಆ ನಾಲ್ಕು ನಿಮಿಷಗಳು. ಜೋಡಿಯ ಪಟ್ಟಿಯಲ್ಲಿ ಎಡಗಡೆ ಹೆಸರಿರುವ ತಂಡ ಹಿಂಭಾಗದಲ್ಲಿ ನೀಲಿ ಬಾವುಟ ಕಟ್ಟಿಕೊಂಡು ಗೆರೆಯ ಪೋರ್ಟ್ ತುದಿಯಿಂದಲೂ, ಇನ್ನೊಂದು ತಂಡ ಹಳದಿ ಬಾವುಟದೊಂದಿಗೆ ಸ್ಟಾರ್‌ಬೋರ್ಡ್ ತುದಿಯಿಂದಲೂ ಒಳಬರಬೇಕು. ನಾಲ್ಕು ನಿಮಿಷದ ಸಂಕೇತಕ್ಕೆ ಹೊರಗಿದ್ದು, ಮುಂದಿನ ಎರಡು ನಿಮಿಷಗಳೊಳಗೆ ಪ್ರವೇಶಿಸದಿದ್ದರೆ ದಂಡ. ಹಳದಿ ದೋಣಿಗೆ ಗಾಳಿ ಸ್ಟಾರ್‌ಬೋರ್ಡ್ ಬದಿಯಿಂದ ಬರುವುದರಿಂದ ದಾರಿಯ ಹಕ್ಕು ಅದರದು; ನೀಲಿಯೇ ತಪ್ಪಿಸಿಕೊಳ್ಳಬೇಕು. ಹಾಗಾಗಿ ಹಳದಿಯವರು ನೇರವಾಗಿ ನೀಲಿಯ ಮೇಲೆಯೇ ಗುರಿಯಿಟ್ಟು ಬರುತ್ತಾರೆ, ನೀಲಿಯವರು ಮುಂದಿನಿಂದ ದಾಟಿ ಪಾರಾಗಲು ಹವಣಿಸುತ್ತಾರೆ. ದಾಟಲಾಗದಿದ್ದರೆ ಎರಡೂ ದೋಣಿಗಳು ಗಾಳಿಗೆ ಮುಖಮಾಡಿ, ಅಕ್ಕಪಕ್ಕದಲ್ಲಿ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ನಿಂತುಬಿಡುತ್ತವೆ. ಇದನ್ನೇ ಡಯಲ್ ಅಪ್ ಎನ್ನುತ್ತಾರೆ.

ಹೊಸ ತಂಡಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ನಿಂತ ದೋಣಿಗೆ ಚುಕ್ಕಾಣಿ ಕೆಲಸ ಮಾಡುವುದಿಲ್ಲ. ಕೆಲವು ಸೆಕೆಂಡುಗಳಲ್ಲಿ ಅದು ಹಿಂದಕ್ಕೆ ಜಾರತೊಡಗುತ್ತದೆ. ಆಗ ಚುಕ್ಕಾಣಿಯ ಪರಿಣಾಮ ತಿರುಗುಮುರುಗಾಗುತ್ತದೆ, ಮತ್ತು ಅದೇ ಕ್ಷಣದಲ್ಲಿ ಸ್ಕಿಪ್ಪರ್ ಗಾಬರಿಯಿಂದ ಎಳೆದುಬಿಟ್ಟರೆ ಮೂತಿ ಬೇಡದ ದಿಕ್ಕಿಗೆ ಬಿದ್ದು ಎದುರಾಳಿಯ ಕೈಗೆ ಸಿಕ್ಕಂತೆಯೇ ಸರಿ. ಹಾಯಿಯನ್ನು ಕೈಯಿಂದ ಗಾಳಿಗೆ ಎದುರಾಗಿ ಒತ್ತಿ ಹಿಂದಕ್ಕೆ ಹೋಗುವ ದೋಣಿ, ಹಾಗೆ ಮಾಡದ ದೋಣಿಗೆ ದಾರಿ ಬಿಡಬೇಕೆಂಬ ನಿಯಮವೂ ಇದೆ. ಆದ್ದರಿಂದ ಎದುರಾಳಿಯೇ ಇಲ್ಲದೆ, ಒಂದು ಬೂಯಿಯ (ತೇಲುಗುರುತಿನ) ಪಕ್ಕದಲ್ಲಿ ದೋಣಿಯನ್ನು ಗಾಳಿಗೆ ಮುಖಮಾಡಿ ನಿಲ್ಲಿಸಿ, ಮೂವತ್ತು ಸೆಕೆಂಡು ಅಲ್ಲಿಯೇ ಹಿಡಿದು, ಹಿಂದಕ್ಕೆ ಜಾರಿಸಿ, ಬೇಕಾದ ಬದಿಗೆ ಮೂತಿ ತಿರುಗಿಸಿ ಹೊರಡುವ ಅಭ್ಯಾಸವನ್ನು ಮೊದಲ ತಿಂಗಳಿಡೀ ಮಾಡಿರಿ. ಬೇಸರದ ಕೆಲಸ, ನಿಜ. ದೊಡ್ಡ ಹಾಯಿ ನೋಡಿಕೊಳ್ಳುವವರ ತೋಳು ಸಂಜೆಗೆ ಮೇಲೇಳುವುದಿಲ್ಲ.

ಕೊನೆಯ ಒಂದು ನಿಮಿಷದ ಲೆಕ್ಕ ಬೇರೆ. ಗೆರೆ ತಲುಪಲು ಹದಿನೆಂಟು ಸೆಕೆಂಡು ಸಾಕು, ಗಡಿಯಾರದಲ್ಲಿ ಇಪ್ಪತ್ತೈದು ಇದೆ ಎಂದಾದರೆ ಏಳು ಸೆಕೆಂಡುಗಳನ್ನು ಎಲ್ಲಿಯಾದರೂ ಕಳೆಯಬೇಕು. ಎಣಿಸುವವರು ಉಳಿದ ಸಮಯವನ್ನು ಹೇಳುವುದರ ಜೊತೆಗೆ ಈ ‘ಕಳೆಯಬೇಕಾದ ಏಳು’ ಎಂಬುದನ್ನೂ ಹೇಳುವುದನ್ನು ರೂಢಿಸಿಕೊಳ್ಳಬೇಕು, ಏಕೆಂದರೆ ಸ್ಕಿಪ್ಪರ್‌ಗೆ ನಿಜವಾಗಿ ಬೇಕಾದ ಅಂಕಿ ಅದೇ. ಒಂದು ಬೆಳಿಗ್ಗೆಗೆ ಇಪ್ಪತ್ತು ಸ್ಟಾರ್ಟ್ ಮಾಡಿ, ರೇಸನ್ನು ಪೂರ್ತಿ ಓಡಿಸದೆ ಮೊದಲ ಟ್ಯಾಕ್ (ಮೂತಿಯನ್ನು ಗಾಳಿಗೆ ಅಡ್ಡಹಾಯಿಸಿ ಬದಿ ಬದಲಿಸುವುದು) ಆದೊಡನೆ ಹಿಂದಿರುಗಿರಿ. ಪ್ರತಿ ಐದಕ್ಕೊಮ್ಮೆ ನೀಲಿ ಹಳದಿಯನ್ನು ಬದಲಿಸಿಕೊಳ್ಳಿರಿ.

ನಿಯಮಗಳ ವಿಷಯದಲ್ಲಿ ಒಂದು ವಿಶೇಷವಿದೆ. ತೀರ್ಪು ನೀರಿನ ಮೇಲೆಯೇ, ಆ ಕ್ಷಣದಲ್ಲಿಯೇ ಆಗುತ್ತದೆ. ನಿಮಗೆ ಅನ್ಯಾಯವಾಯಿತೆನಿಸಿದರೆ ಕೂಡಲೇ ದೂರಿನ ಸಂಕೇತವಾದ ವೈ ಬಾವುಟ ಎತ್ತಬೇಕು. ಹಿಂದೆಯೇ ಮೋಟಾರು ದೋಣಿಯಲ್ಲಿ ಬರುವ ಅಂಪೈರ್‌ಗಳು ಹಸಿರು-ಬಿಳಿ ಬಾವುಟ ತೋರಿಸಿದರೆ ದಂಡವಿಲ್ಲ, ನೀಲಿ ಅಥವಾ ಹಳದಿ ತೋರಿಸಿದರೆ ಆ ಬಣ್ಣದ ತಂಡಕ್ಕೆ ದಂಡ. ಅಂಪೈರ್‌ಗಳು ತಮ್ಮೊಳಗೆ ಒಬ್ಬೊಬ್ಬರು ಒಂದೊಂದು ದೋಣಿಯಾಗಿ ‘ನಾನು ದಾರಿ ಬಿಡುತ್ತಿದ್ದೇನೆ’, ‘ಹಕ್ಕು ನನ್ನದು’ ಎಂದು ಉತ್ತಮ ಪುರುಷದಲ್ಲಿಯೇ ಮಾತನಾಡಿಕೊಳ್ಳುತ್ತಾರೆ. ಅಭ್ಯಾಸದ ದಿನ ತಂಡದಲ್ಲಿ ಹೊರಗುಳಿದವರನ್ನು ಕೋಚ್‌ನ ದೋಣಿಯಲ್ಲಿ ಕೂರಿಸಿ ಇದನ್ನೇ ಆಡಿಸಿದರೆ, ನಿಯಮಪುಸ್ತಕದಲ್ಲಿ ಮ್ಯಾಚ್ ರೇಸಿಂಗ್‌ಗೆ ಮೀಸಲಾದ ಅನುಬಂಧ ‘ಸಿ’ಯನ್ನು ಹತ್ತು ಸಲ ಓದಿದುದಕ್ಕಿಂತ ಹೆಚ್ಚು ತಲೆಗೆ ಹತ್ತುತ್ತದೆ.

ದಂಡವೆಂದರೆ ಒಂದು ಸುತ್ತು ತಿರುಗುವುದು: ಗಾಳಿಯ ಕಡೆಗೆ ಹೋಗುವಾಗ ಜೈಬ್ ಮಾಡಿ (ದೋಣಿಯ ಹಿಂಭಾಗವನ್ನು ಗಾಳಿಗೆ ಅಡ್ಡಹಾಯಿಸಿ), ಗಾಳಿಯೊಂದಿಗೆ ಬರುವಾಗ ಸ್ಪಿನ್ನೇಕರ್ ಇಳಿಸಿಕೊಂಡು ಟ್ಯಾಕ್ ಮಾಡಿ. ಕೆಂಪು ಬಾವುಟವೂ ಜೊತೆಗೆ ಬಂದರೆ ತಕ್ಷಣ ತಿರುಗಬೇಕು, ಇಲ್ಲವಾದರೆ ಬಾಕಿ ಇಟ್ಟುಕೊಳ್ಳಬಹುದು. ಎದುರಾಳಿಗೂ ದಂಡ ಬಿದ್ದರೆ ಎರಡೂ ವಜಾ ಆಗುವುದರಿಂದ ಅನುಭವಿಗಳು ಬಾಕಿಯನ್ನು ಕೊನೆಯವರೆಗೂ ಎಳೆಯುತ್ತಾರೆ. ಆದರೆ ಎರಡಕ್ಕಿಂತ ಹೆಚ್ಚು ಬಾಕಿಯಾದರೆ ಕಪ್ಪು ಬಾವುಟ, ಪಂದ್ಯ ಮುಗಿದಂತೆ.

ಸ್ಟಾರ್ಟ್ ಗೆದ್ದ ಮೇಲೆ ಮುಂದಿರುವವರು ಎದುರಾಳಿಯ ಗಾಳಿಯನ್ನು ಮರೆಮಾಡುತ್ತ ಅವರು ಟ್ಯಾಕ್ ಮಾಡಿದಾಗಲೆಲ್ಲ ತಾವೂ ಮಾಡಬೇಕು. ಗಾಳಿಯೊಂದಿಗೆ ಇಳಿಯುವಾಗ ಮಾತ್ರ ಹಿಂದಿನವರ ಹಾಯಿಯ ನೆರಳು ಮುಂದಿನವರ ಮೇಲೆ ಬೀಳುವುದರಿಂದ ಸೋಲುತ್ತಿರುವವರ ಅವಕಾಶವೆಲ್ಲ ಅಲ್ಲಿದೆ.

ಅಭ್ಯಾಸಕ್ಕೆ ಸಮುದ್ರವೇ ಬೇಕೆಂದಿಲ್ಲ, ಒಂದೇ ಬಗೆಯ ಎರಡು ದೋಣಿಗಳು ಬೇಕು. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಹಾಯಿದೋಣಿಗಳನ್ನು ಕಂಡವರಿಗೆ ಗೊತ್ತಿರುವಂತೆ, ಕಟ್ಟಡ ಮರಗಳ ನಡುವಿನ ನೀರಿನಲ್ಲಿ ಗಾಳಿ ಕ್ಷಣಕ್ಕೊಂದು ದಿಕ್ಕು ಹಿಡಿಯುತ್ತದೆ. ವೇಗದ ತರಬೇತಿಗೆ ಅದು ತೊಡಕಾಗಬಹುದು. ಸುತ್ತುಬಳಸಿ ಎದುರಾಳಿಯನ್ನು ಅಟ್ಟುವ ತರಬೇತಿಗೆ ಸಾಕಷ್ಟಾಯಿತು. ಅಲೆಯ ಅಭ್ಯಾಸಕ್ಕೆ ವರ್ಷಕ್ಕೆ ಕೆಲವು ವಾರ ಚೆನ್ನೈ, ಮುಂಬೈ ಅಥವಾ ಗೋವಾದ ಕಡಲಿಗೆ ಹೋಗಲೇಬೇಕು.

ಹೊರದೇಶದ ಪಂದ್ಯಕ್ಕೆ ಎಲ್ಲರೂ ಈ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಸೇಲಿಂಗ್‌ನ ಸೇಲರ್ ಐಡಿ ಮಾಡಿಸಿಕೊಳ್ಳಬೇಕು. ರ‍್ಯಾಂಕಿಂಗ್ ಸ್ಕಿಪ್ಪರ್ ಹೆಸರಿನಲ್ಲಿ ಇರುತ್ತದೆ. ಮುಕ್ತ ಪಟ್ಟಿ ಮತ್ತು ಮಹಿಳೆಯರ ಪಟ್ಟಿ ಬೇರೆಬೇರೆ. ದೊಡ್ಡ ಪಂದ್ಯಗಳಿಗೆ ಆಹ್ವಾನ ಬರುವುದು ಈ ಪಟ್ಟಿಯನ್ನು ನೋಡಿಯಾದ್ದರಿಂದ, ಮೊದಲ ಎರಡು ವರ್ಷ ಕೆಳಗಿನ ಗ್ರೇಡಿನ ಪಂದ್ಯಗಳಲ್ಲಿ, ಪುರುಷರ ತಂಡಗಳೂ ಇರುವ ಮುಕ್ತ ಪಂದ್ಯಗಳಲ್ಲಿಯೂ, ಸಂಕೋಚವಿಲ್ಲದೆ ಭಾಗವಹಿಸಿರಿ. ದೋಣಿ ಸಾಗಿಸುವ ಖರ್ಚಿಲ್ಲದಿದ್ದರೂ ಪ್ರವೇಶ ಶುಲ್ಕ, ಹಾನಿಯ ಠೇವಣಿ, ವಿಮಾನದ ದರ ಸೇರಿ ಕೈ ಸುಡುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರು ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು. ನಾಲ್ವರಲ್ಲಿ ಒಬ್ಬರದು ತಡವಾದರೂ ತಂಡದ ತೂಕ, ಕೂರುವ ಜಾಗ, ಕೂಗುವ ಮಾತು ಎಲ್ಲ ಕೆಡುವುದರಿಂದ ಆಹ್ವಾನಪತ್ರ ಬಂದ ದಿನವೇ ಆ ಕೆಲಸ ಹಿಡಿಯಿರಿ.

ಪಂದ್ಯದ ಬೆಳಿಗ್ಗೆ ಚೀಟಿಯಲ್ಲಿ ಬಂದ ದೋಣಿಯನ್ನು ಹತ್ತಿದೊಡನೆ ಹಗ್ಗ, ಕೊಂಡಿ, ಹಾಯಿಯ ಹೊಲಿಗೆಗಳನ್ನು ಕೈಯಿಂದ ಮುಟ್ಟಿ ನೋಡಿ, ಹಿಂದಿನವರು ಬಿಟ್ಟುಹೋದ ಗೀರು ಬಿರುಕುಗಳನ್ನು ಮೊಬೈಲಿನಲ್ಲಿ ತೆಗೆದು ಸಂಘಟಕರಿಗೆ ತಿಳಿಸಿರಿ. ದೋಣಿ ಬದಲಾಗುವಾಗಲೂ, ಎಷ್ಟೇ ದಣಿದಿದ್ದರೂ, ಹಾನಿಯ ಹಾಳೆಯನ್ನು ತುಂಬಿ ಸಹಿ ಮಾಡಿಯೇ ಇಳಿಯಿರಿ, ಇಲ್ಲವಾದರೆ ಬೇರೆ ಯಾರೋ ಮಾಡಿದ ಬಿರುಕಿಗೆ ಠೇವಣಿ ನಿಮ್ಮದು ಹೋಗುತ್ತದೆ.